ಹಿಮಬಿರುಗಾಳಿ ನಿಂತ ಮರುದಿನ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಬಿರುಗಾಳಿ ನಿಂತು ಬಿಸಿಲು ಬಿದ್ದ ಮೇಲೆ ಮನೆ, ಬೀದಿ, ಕಾರುಗಳ ಸುತ್ತ ಏಳುವ ತೊಂದರೆಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಜೀವಕ್ಕೆ ಸಂಬಂಧಿಸಿದವು ಮೊದಲು.

ಪ್ರಶ್ನೆ: ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಿನ ಅರ್ಧದವರೆಗೆ ಹಿಮ. ಮೆಟ್ಟಿಲೂ ಕಾಣುವುದಿಲ್ಲ, ಕಾರೂ ಕಾಣುವುದಿಲ್ಲ. ನಮ್ಮ ಯಜಮಾನರು ಮೊದಲು ಕಾರು ತೆಗೆಯೋಣ ಎನ್ನುತ್ತಾರೆ. ಕೆಲಸ ಯಾವುದರಿಂದ ಶುರು ಮಾಡಬೇಕು?

ಉತ್ತರ: ಕಾರು ಕೊನೆಗಿರಲಿ. ಮೊದಲು ಮನೆಗೆ ಉಸಿರಾಡುವ ದಾರಿ, ಆಮೇಲೆ ಮನೆಯವರಿಗೆ ಹೊರಬರುವ ದಾರಿ.

ಮನೆ ಬೆಚ್ಚಗಿಡುವ ಫರ್ನೇಸ್ ಅಥವಾ ಬಾಯ್ಲರ್ ಗ್ಯಾಸಿನಿಂದ ನಡೆಯುವುದಾದರೆ ಅದರ ಹೊಗೆ ಎಲ್ಲಿಂದ ಹೊರಹೋಗುತ್ತದೆ ಎಂದು ಪತ್ತೆಮಾಡಿ. ಹೊಸ ಮಾದರಿಯವುಗಳಲ್ಲಿ ಹೊಗೆ ಚಿಮಣಿಗೆ ಹೋಗುವುದಿಲ್ಲ. ಪಕ್ಕದ ಗೋಡೆಯಿಂದ ಎರಡು ಪ್ಲಾಸ್ಟಿಕ್ ಪೈಪುಗಳು ಹೊರಬಂದಿರುತ್ತವೆ. ಒಂದು ಗಾಳಿ ಎಳೆದುಕೊಳ್ಳುತ್ತದೆ, ಇನ್ನೊಂದು ಹೊಗೆ ಬಿಡುತ್ತದೆ. ಎಷ್ಟೋ ಮನೆಗಳಲ್ಲಿ ಇವು ನೆಲದಿಂದ ಮೊಳದಷ್ಟು ಎತ್ತರದಲ್ಲೂ ಇರುವುದಿಲ್ಲ. ಗಾಳಿ ಹಿಮವನ್ನು ಗೋಡೆಗೆ ಒಟ್ಟಿದರೆ ಎರಡೂ ಮುಚ್ಚಿಹೋಗುತ್ತವೆ. ಆಗ ಯಂತ್ರ ತಾನೇ ನಿಂತುಹೋದರೆ ಒಳ್ಳೆಯದೇ, ಚಳಿಯೊಂದೇ ಕಾಟ. ನಿಲ್ಲದೆ ಉರಿಯುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ.

ಪೈಪುಗಳ ಸುತ್ತ ಎಲ್ಲ ಕಡೆಗೂ ಒಂದು ಮೀಟರಿನಷ್ಟು ಬಿಡಿಸಿ. ಸಲಿಕೆ ಹಾಕಿ ಕೊಚ್ಚಬೇಡಿ, ಚಳಿಗೆ ಗಡುಸಾದ ಪ್ಲಾಸ್ಟಿಕ್ ಒಂದೇ ಏಟಿಗೆ ಸೀಳುತ್ತದೆ. ಹತ್ತಿರ ಹೋದ ಮೇಲೆ ಕೈಗವಸು ಹಾಕಿದ ಕೈ ಅಥವಾ ಪೊರಕೆ ಸಾಕು. ಗ್ಯಾಸ್ ಮೀಟರಿಗೂ ಇದೇ ನಿಯಮ: ಮೃದುವಾದ ಬ್ರಷ್ಷಿನಿಂದ ಒರೆಸಿ, ಬಿಸಿನೀರು ಸುರಿಯಬೇಡಿ, ಮಂಜುಗಡ್ಡೆಯನ್ನು ಕುಟ್ಟಿ ಒಡೆಯಬೇಡಿ. ಬಟ್ಟೆ ಒಣಗಿಸುವ ಯಂತ್ರದ ಗಾಳಿಕಿಂಡಿಯನ್ನೂ ಮರೆಯಬೇಡಿ.

ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು, ಹೊಟ್ಟೆ ತೊಳಸು, ಮಂಪರು ಬಂದರೆ ಅದು ಶೀತವೆಂದು ಮಲಗಬೇಡಿ. ಎಲ್ಲರೂ ಹೊರಗೆ ಬನ್ನಿ, ಹೊರಗಿನಿಂದಲೇ ಅಗ್ನಿಶಾಮಕದವರಿಗೆ ಫೋನ್ ಮಾಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಾಮಾನ್ಯವಾಗಿ ಅಪಾಯವಿದ್ದಾಗ ಒಂದೇ ಸಮನೆ ನಾಲ್ಕು ನಾಲ್ಕು ಸಲ ಕೂಗುತ್ತದೆ. ಆಗೊಮ್ಮೆ ಈಗೊಮ್ಮೆ ಒಂದೇ ಸಲ ಚಿಲಿಪಿಲಿಗುಟ್ಟಿದರೆ ಬ್ಯಾಟರಿ ಮುಗಿದಿದೆ ಎಂದರ್ಥ. ಕರೆಂಟ್ ಹೋಗಿ ಜನರೇಟರ್ ಹಾಕುವವರು ಅದನ್ನು ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಅದರ ಹೊಗೆ ಕಿಟಕಿ ಬಾಗಿಲಿನ ಕಡೆಗೆ ಬರದಂತೆ ಆಚೆಗೆ ತಿರುಗಿಸಿ ಇಡಬೇಕು. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಒಳಗಿಟ್ಟು ಓಡಿಸುವ ಹಾಗಿಲ್ಲ.

ಇದಾದ ಮೇಲೆ ಎರಡು ಬಾಗಿಲು ಬಿಡಿಸಿ, ಒಂದೇ ಸಾಲದು. ಬೆಂಕಿ ಬಿದ್ದರೆ ಹೊರಬರಲು ಎರಡನೆಯದು ಬೇಕು. ಆಮೇಲೆ ಮೆಟ್ಟಿಲು, ಕಾಲುದಾರಿ, ಕೊನೆಗೆ ಕಾರು.

ಪ್ರಶ್ನೆ: ನನಗೆ 58 ವರ್ಷ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ, ದಿನಾ ವಾಕಿಂಗ್ ಮಾಡುತ್ತೇನೆ. ಮನೆ ಮುಂದಿನ ಹಿಮ ನಾನೇ ಎತ್ತಬಹುದೇ? ಮಗ ಬೇಡವೇ ಬೇಡ ಅನ್ನುತ್ತಾನೆ.

ಉತ್ತರ: ನಿಮ್ಮ ಮಗನ ಮಾತು ಕೇಳುವುದೇ ಸರಿ. ಮೊದಲು ಲೆಕ್ಕ ನೋಡಿ. 3 ಮೀಟರ್ ಅಗಲ, 6 ಮೀಟರ್ ಉದ್ದದ ಕಾರಿನ ಜಾಗದಲ್ಲಿ 30 ಸೆಂಟಿಮೀಟರ್ ಹಿಮ ಬಿದ್ದಿದ್ದರೆ 5.4 ಘನ ಮೀಟರ್ ಆಯಿತು. ಆಗತಾನೇ ಬಿದ್ದ ಒಣ ಹಿಮ ಘನ ಮೀಟರಿಗೆ 100 ಕಿಲೋ ಎಂದುಕೊಂಡರೂ 540 ಕಿಲೋ. ಅಷ್ಟೇ ದಪ್ಪದ ಹಿಮ ನೀರು ಕುಡಿದು ಘನ ಮೀಟರಿಗೆ 300 ಕಿಲೋ ಇದ್ದರೆ 1,600 ಕಿಲೋ ದಾಟುತ್ತದೆ. ಅಷ್ಟನ್ನೂ ಕೈಯಲ್ಲಿ ಎತ್ತಬೇಕು.

ವಾಕಿಂಗ್ ಮಾಡುವ ದೇಹಕ್ಕೆ ಈ ಕೆಲಸ ಒಗ್ಗಿರುವುದಿಲ್ಲ. ಭಾರವೆಲ್ಲ ತೋಳಿನ ಮೇಲೆ ಬೀಳುತ್ತದೆ, ಎತ್ತುವಾಗ ಗೊತ್ತಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ, ಅದರಿಂದ ರಕ್ತದೊತ್ತಡ ಜಿಗಿಯುತ್ತದೆ. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡಿರುತ್ತವೆ. ಹೃದಯಕ್ಕೆ ರಕ್ತ ಹೆಚ್ಚು ಬೇಕಾದ ಹೊತ್ತಿನಲ್ಲೇ ಬರುವ ದಾರಿ ಕಿರಿದಾಗಿರುತ್ತದೆ. ಹಿಂದೆ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ನಡೆದರೆ ಎದೆ ಹಿಡಿದಂತಾಗುವವರು ಸಲಿಕೆ ಮುಟ್ಟಲೇಬಾರದು. ನಿಮ್ಮಂಥವರು ವೈದ್ಯರನ್ನು ಕೇಳದೆ ಇಳಿಯಬಾರದು.

ವೈದ್ಯರು ಒಪ್ಪಿದರೆ ಹೀಗೆ ಮಾಡಿ. ಎದ್ದ ತಕ್ಷಣ ಬೇಡ, ಹೊಟ್ಟೆ ಬಿರಿಯ ಉಂಡ ಮೇಲೂ ಬೇಡ. ಒಳಗೇ ಐದು ನಿಮಿಷ ಓಡಾಡಿ ಮೈ ಬಿಸಿಮಾಡಿಕೊಳ್ಳಿ. ಸಾಧ್ಯವಾದಲ್ಲೆಲ್ಲ ಎತ್ತದೆ ತಳ್ಳಿ. ಎತ್ತಲೇಬೇಕಾದರೆ ಮೊಣಕಾಲು ಮಡಚಿ, ಒಂದು ಕೈ ಸಲಿಕೆಯ ತಲೆಯ ಹತ್ತಿರ ಹಿಡಿದು, ಅರ್ಧ ಸಲಿಕೆ ಮಾತ್ರ ತುಂಬಿ. ಸೊಂಟ ತಿರುಚಿ ಹೆಗಲ ಮೇಲಿಂದ ಎಸೆಯುವುದರಿಂದಲೇ ಬೆನ್ನು ಹಿಡಿಯುವುದು. ಪಾದ ತಿರುಗಿಸಿ, ಹಾಕುವ ಕಡೆಗೆ ಮುಖ ಮಾಡಿ ಸುರಿಯಿರಿ. ಹಿಮ ಸಲಿಕೆಗೆ ಅಂಟಿಕೊಳ್ಳುತ್ತಿದ್ದರೆ ತಗಡಿಗೆ ಮೇಣ ಅಥವಾ ಅಡುಗೆ ಎಣ್ಣೆ ಸವರಿ. 30 ಸೆಂಟಿಮೀಟರ್ ಹಿಮವಿದ್ದರೆ ಒಂದೇ ಸಲಕ್ಕೆ ತಳ ಮುಟ್ಟುವ ಹಟ ಬೇಡ, ಮೇಲಿನ ಪದರ ಮೊದಲು. ಹದಿನೈದು ನಿಮಿಷಕ್ಕೊಮ್ಮೆ ಒಳಗೆ ಬಂದು ಕೂತು ನೀರು ಕುಡಿಯಿರಿ. ಎದೆಯಲ್ಲಿ ಬಿಗಿತ, ದವಡೆಗೋ ಎಡತೋಳಿಗೋ ಹರಿಯುವ ನೋವು, ತಣ್ಣನೆ ಬೆವರು, ತಲೆಸುತ್ತು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಸಲಿಕೆ ಅಲ್ಲೇ ಬಿಟ್ಟು ಆಂಬುಲೆನ್ಸಿಗೆ ಕರೆ ಮಾಡಿ. ಇನ್ನು ಎರಡೇ ಸಲಿಕೆ ಎಂದು ಮುಂದುವರಿಸಬೇಡಿ.

ಪ್ರಶ್ನೆ: ನಾವು ಕಷ್ಟಪಟ್ಟು ಗೇಟಿನ ಮುಂದೆ ಬಿಡಿಸಿದ್ದನ್ನು ರಸ್ತೆ ಸ್ವಚ್ಛ ಮಾಡುವ ಪ್ಲೋ ಬಂದು ಮತ್ತೆ ಮುಚ್ಚಿಹೋಗುತ್ತದೆ. ತಪ್ಪಿಸಲು ಉಪಾಯವಿದೆಯೇ?

ಉತ್ತರ: ಪೂರ್ತಿ ತಪ್ಪಿಸಲಾಗದು, ಬಹುಪಾಲು ತಪ್ಪಿಸಬಹುದು. ಪ್ಲೋ ತನ್ನ ಹಲಗೆಯ ಮೇಲೆ ಹೊತ್ತು ತಂದ ಹಿಮವನ್ನು ಮೊದಲು ಸಿಕ್ಕ ಖಾಲಿ ಜಾಗದಲ್ಲಿ ಬಿಡುತ್ತದೆ. ಆ ಖಾಲಿ ಜಾಗ ನಿಮ್ಮ ಗೇಟೇ ಆಗಿರುತ್ತದೆ. ಆದ್ದರಿಂದ ಪ್ಲೋ ಬರುವ ದಿಕ್ಕಿನಲ್ಲಿ, ಗೇಟಿಗೆ ಸ್ವಲ್ಪ ಮೊದಲೇ, ರಸ್ತೆಯ ಅಂಚಿನಲ್ಲಿ 3 ಮೀಟರ್ ಉದ್ದ, ಒಂದು ಮೀಟರಿಗಿಂತ ತುಸು ಹೆಚ್ಚು ಅಗಲದ ಜಾಗ ಖಾಲಿ ಮಾಡಿಡಿ. ಹೊತ್ತ ಹಿಮ ಅಲ್ಲಿ ಇಳಿದುಹೋಗುತ್ತದೆ. ನೀವು ತೆಗೆದ ಹಿಮವನ್ನು ಗೇಟಿನ ಇನ್ನೊಂದು ಪಕ್ಕಕ್ಕೆ, ಅಂದರೆ ಪ್ಲೋ ದಾಟಿಹೋಗುವ ಕಡೆಗೆ ಒಟ್ಟಿ. ವಾಹನಗಳು ಬಲಬದಿಯಲ್ಲಿ ಓಡುವ ದೇಶದಲ್ಲಿ, ರಸ್ತೆಗೆ ಮುಖ ಮಾಡಿ ನಿಂತರೆ ಎಡಕ್ಕೆ ಖಾಲಿ ಜಾಗ, ಬಲಕ್ಕೆ ರಾಶಿ. ಎಡಬದಿಯಲ್ಲಿ ಓಡುವಲ್ಲಿ ಇದರ ತಿರುಗುಮುರುಗು.

ಹಿಮವನ್ನು ರಸ್ತೆಗೆ ಎಸೆಯಬೇಡಿ, ಅದು ಇನ್ನೊಬ್ಬರ ಗೇಟಿಗೆ ಹೋಗಿ ಬೀಳುತ್ತದೆ. ಪ್ಲೋ ಬಿಟ್ಟುಹೋದ ಸಾಲನ್ನು ಅದೇ ದಿನ ತೆಗೆಯಿರಿ. ರಾತ್ರಿ ಕಳೆದರೆ ಅದು ಕಲ್ಲಿನಂತಾಗಿರುತ್ತದೆ, ಸಲಿಕೆ ಬಾಗುತ್ತದೆಯೇ ಹೊರತು ಅದು ಒಡೆಯುವುದಿಲ್ಲ.

ಪ್ರಶ್ನೆ: ಮೆಟ್ಟಿಲ ಮೇಲೆ ಎಷ್ಟು ಉಪ್ಪು ಸುರಿದರೂ ಮಂಜುಗಡ್ಡೆ ಕರಗುತ್ತಿಲ್ಲ. ಉಪ್ಪಿನಲ್ಲೇ ದೋಷವೋ?

ಉತ್ತರ: ದೋಷ ಉಪ್ಪಿನದಲ್ಲ, ಚಳಿಯದು. ಸಾಮಾನ್ಯ ಕಲ್ಲುಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಮೈನಸ್ 9 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಸೋಲಲು ಶುರುಮಾಡುತ್ತದೆ. ಅದಕ್ಕಿಂತ ಕೆಳಗೆ ಚೀಲಗಟ್ಟಲೆ ಸುರಿದರೂ ಕೆಲಸ ಮಾಡುವುದು ಬಲು ನಿಧಾನ. ಮೆಗ್ನೀಸಿಯಂ ಕ್ಲೋರೈಡ್ ಸುಮಾರು ಮೈನಸ್ 15ರವರೆಗೆ ನಡೆಯುತ್ತದೆ, ಕ್ಯಾಲ್ಸಿಯಂ ಕ್ಲೋರೈಡ್ ಮೈನಸ್ 25ರ ಆಸುಪಾಸಿನವರೆಗೂ. ಇಲ್ಲಿ ಲೆಕ್ಕಕ್ಕೆ ಬರುವುದು ನೆಲದ ಚಳಿ, ಗಾಳಿಯದಲ್ಲ. ಬಿಸಿಲು ಕಾಣದ ಉತ್ತರ ದಿಕ್ಕಿನ ಮೆಟ್ಟಿಲು ಸುತ್ತಲ ಗಾಳಿಗಿಂತ ತಣ್ಣಗಿರಬಹುದು.

ಇನ್ನೊಂದು ಕಾರಣ, ಹಿಮವನ್ನು ತೆಗೆಯದೆ ಅದರ ಮೇಲೇ ಉಪ್ಪು ಹಾಕುವುದು. 5 ಸೆಂಟಿಮೀಟರ್ ಹಿಮದ ಮೇಲೆ ಬಿದ್ದ ಉಪ್ಪು ಮೇಲ್ಪದರವನ್ನು ಕೆಸರು ಮಾಡಿ ತಾನೂ ಅದರಲ್ಲಿ ತೆಳುವಾಗಿಬಿಡುತ್ತದೆ. ಸಂಜೆಗೆ ಆ ಕೆಸರೇ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಮೊದಲು ಸಲಿಕೆ, ಆಮೇಲೆ ಪೊರಕೆ, ಕೊನೆಗೆ ಉಳಿದ ತೆಳು ಪದರಕ್ಕೆ ಮಾತ್ರ ಉಪ್ಪು. ಅಳತೆ: 350 ಮಿಲಿಲೀಟರಿನ ಒಂದು ದೊಡ್ಡ ಕಪ್ ತುಂಬ ಉಪ್ಪು ಸುಮಾರು 20 ಚದರ ಮೀಟರ್ ನೆಲಕ್ಕೆ ಸಾಕು. ಹರಳುಗಳು ಒಂದಕ್ಕೊಂದು ತಾಗದೆ, ನಡುವೆ ಜಾಗ ಬಿಟ್ಟು ಬಿದ್ದಿರಬೇಕು. ಹಾಕಿ ಅರ್ಧ ಗಂಟೆ ಬಿಡಿ, ಸಡಿಲವಾದ ಗಡ್ಡೆಯನ್ನು ಕೆರೆದು ತೆಗೆಯಿರಿ. ನೆಲ ಒಣಗಿದ ಮೇಲೆ ಹರಳು ಇನ್ನೂ ಕಾಣುತ್ತಿದ್ದರೆ ಹಾಕಿದ್ದು ಹೆಚ್ಚಾಯಿತು. ಗುಡಿಸಿ ಡಬ್ಬಿಗೆ ತುಂಬಿಡಿ, ಮುಂದಿನ ಸಲಕ್ಕೆ ಬರುತ್ತದೆ.

ವಿಪರೀತ ಚಳಿಯಲ್ಲಿ ಒರಟು ಮರಳೇ ಮೇಲು. ಕರಗಿಸುವುದಿಲ್ಲ, ಆದರೆ ಕಾಲಿಗೆ ಹಿಡಿತ ಕೊಡುತ್ತದೆ. ಕಾಂಕ್ರೀಟ್ ಹಾಕಿ ಇನ್ನೂ ವರ್ಷ ತುಂಬಿರದಿದ್ದರೆ ಉಪ್ಪು ಬೇಡ, ಮೇಲ್ಮೈ ಚಕ್ಕೆ ಏಳುತ್ತದೆ. ಬಿಸಿನೀರು ಸುರಿಯುವ ಉಪಾಯವನ್ನು ದಯವಿಟ್ಟು ಬಿಟ್ಟುಬಿಡಿ, ಅದು ಹರಿದು ನಿಂತಲ್ಲೇ ಹೊಸ ಗಡ್ಡೆಯಾಗುತ್ತದೆ. ನಾಯಿ ಸಾಕಿದವರು ಹೊರಗೆ ಹೋಗಿ ಬಂದ ಮೇಲೆ ಅದರ ಪಾದಗಳನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಬೆರಳ ಸಂದಿಯ ಉಪ್ಪು ಉರಿಯುತ್ತದೆ, ನೆಕ್ಕಿದರೆ ಹೊಟ್ಟೆ ಕೆಡುತ್ತದೆ.

ಪ್ರಶ್ನೆ: ಕಾರಿನ ಮೇಲಿನ ಹಿಮ ತೆಗೆಯುವಾಗ ಹೀಟರ್ ಹಾಕಿ ಮಕ್ಕಳನ್ನು ಒಳಗೆ ಬೆಚ್ಚಗೆ ಕೂರಿಸಬಹುದೇ?

ಉತ್ತರ: ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಖಂಡಿತ ಬೇಡ. ಹಿಂದಿನ ಸೈಲೆನ್ಸರ್ ಪೈಪ್ ಹಿಮದಲ್ಲಿ ಹೂತಿದ್ದರೆ ಹೊಗೆ ಕಾರಿನ ತಳದಿಂದ ಒಳಗೆ ಬರುತ್ತದೆ, ಅದಕ್ಕೆ ನಿಮಿಷಗಳೇ ಸಾಕು. 1978ರ ಫೆಬ್ರವರಿಯ ಬಿರುಗಾಳಿಯಲ್ಲಿ ಅಮೆರಿಕದ ಬಾಸ್ಟನ್ ಸುತ್ತಲ ಹೆದ್ದಾರಿಯಲ್ಲಿ ಸಾವಿರಾರು ಕಾರುಗಳು ಸಿಕ್ಕಿಕೊಂಡಾಗ, ಎಂಜಿನ್ ಚಾಲೂ ಇಟ್ಟು ಒಳಗೆ ಕುಳಿತ ಹಲವರು ಸತ್ತದ್ದು ಈ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿನಿಂದ. ಮಕ್ಕಳು ಮನೆಯೊಳಗಿರಲಿ. ಮೊದಲು ಪೈಪಿನ ಸುತ್ತ ಬಿಡಿಸಿ, ಪೈಪಿನೊಳಗೂ ಬೆರಳು ಹಾಕಿ ನೋಡಿ, ಆಮೇಲೆ ಕೀಲಿ ತಿರುಗಿಸಿ.

ಮಾಡಿನ ಮೇಲಿನ ಹಿಮ ಪೂರ್ತಿ ತೆಗೆಯಿರಿ, ಬ್ರೇಕ್ ಹಾಕಿದಾಗ ಅದು ಮುಂದಿನ ಗಾಜಿನ ಮೇಲೆ ಜಾರುತ್ತದೆ. ಚಕ್ರ ಸುಮ್ಮನೆ ತಿರುಗುತ್ತಿದ್ದರೆ ಆಕ್ಸಿಲರೇಟರ್ ಒತ್ತುತ್ತಾ ಹೋಗಬೇಡಿ, ಟೈರಿನ ಬಿಸಿಗೆ ಅಡಿಯ ಹಿಮ ಕರಗಿ ನುಣ್ಣನೆ ಗಡ್ಡೆಯಾಗುತ್ತದೆ. ಸ್ಟಿಯರಿಂಗ್ ನೇರ ಮಾಡಿ, ಟೈರಿನ ಹಿಂದೆ ಮುಂದೆ ಕೆರೆದು, ಮರಳು ಚೆಲ್ಲಿ, ನಿಧಾನಕ್ಕೆ ಒಮ್ಮೆ ಮುಂದೆ ಒಮ್ಮೆ ಹಿಂದೆ ತೂಗಿ ಹೊರಗೆ ತನ್ನಿ.

ಪ್ರಶ್ನೆ: ಅಡುಗೆಮನೆ ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಬೇರೆ ನಲ್ಲಿಗಳಲ್ಲಿ ಬರುತ್ತಿದೆ. ಪೈಪ್ ಒಡೆದಿದೆಯೇ?

ಉತ್ತರ: ಬಹುಶಃ ಹೆಪ್ಪುಗಟ್ಟಿದೆ, ಒಡೆದಿರಲಿಕ್ಕೂ ಸಾಕು. ಮೊದಲು ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ, ಯಾಕೆಂದರೆ ಸೋರುವುದು ಗೊತ್ತಾಗುವುದು ಗಡ್ಡೆ ಕರಗಿದ ಮೇಲೆ. ನಲ್ಲಿ ತೆರೆದಿಡಿ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ; ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡವೇ ಪೈಪನ್ನು ಸೀಳುವುದು. ಸಿಂಕಿನ ಕೆಳಗಿನ ಬಾಗಿಲು ತೆರೆದು, ಹೇರ್ ಡ್ರೈಯರಿನಿಂದ ನಲ್ಲಿಯ ಕಡೆಯಿಂದ ಶುರುಮಾಡಿ ಹಿಂದಕ್ಕೆ ಬಿಸಿಮಾಡುತ್ತಾ ಹೋಗಿ. ನಡುವಿನಿಂದ ಕಾಯಿಸಿದರೆ ಕರಗಿದ ನೀರಿಗೆ ಹೊರಬರುವ ದಾರಿ ಇರುವುದಿಲ್ಲ. ನೆಲದಲ್ಲಿ ನೀರು ನಿಂತಿದ್ದರೆ ಡ್ರೈಯರ್ ಮುಟ್ಟಬೇಡಿ. ಬೆಂಕಿ, ಬ್ಲೋ ಲ್ಯಾಂಪ್ ಸುತರಾಂ ಕೂಡದು. ಚಳಿ ಇಳಿಯುವವರೆಗೆ ರಾತ್ರಿ ಆ ನಲ್ಲಿಯಿಂದ ಸಣ್ಣಗೆ ನೀರು ತೊಟ್ಟಿಕ್ಕುತ್ತಿರಲಿ.

ಪ್ರಶ್ನೆ: ರಸ್ತೆ ಪಕ್ಕದ ಹಿಮದ ಗುಡ್ಡದಲ್ಲಿ ಮಕ್ಕಳು ಸುರಂಗ ತೋಡಿ ಆಡುತ್ತಿದ್ದಾರೆ. ಬಿಡಬಹುದೇ?

ಉತ್ತರ: ಬೇಡ. ಮೇಲ್ಭಾಗ ಕುಸಿದರೆ ಕೂಗು ಹೊರಗೆ ಕೇಳುವುದಿಲ್ಲ, ಪ್ಲೋ ಚಾಲಕನಿಗೆ ಒಳಗೆ ಮಗುವಿರುವುದು ಕಾಣುವುದಿಲ್ಲ. ರಸ್ತೆಯಿಂದ ದೂರ, ಹಿತ್ತಲಲ್ಲಿ, ಮೇಲೆ ಮುಚ್ಚಿಗೆ ಇಲ್ಲದ ಕೋಟೆ ಕಟ್ಟಲಿ, ದೊಡ್ಡವರೊಬ್ಬರು ನೋಡುತ್ತಿರಲಿ. ಬೆರಳ ತುದಿ ಬಿಳಿಚಿಕೊಂಡು ಮರಗಟ್ಟಿದ್ದರೆ ಒಳಗೆ ಕರೆತಂದು 37ರಿಂದ 39 ಡಿಗ್ರಿ ನೀರಿನಲ್ಲಿ ಅದ್ದಿ. ಉಜ್ಜಬೇಡಿ, ಒಲೆಗೆ ಹಿಡಿಯಬೇಡಿ. ಸ್ಪರ್ಶ ತಿಳಿಯದ ಚರ್ಮ ಸುಡುವುದೂ ತಿಳಿಯುವುದಿಲ್ಲ. ಅರ್ಧ ಗಂಟೆಯಲ್ಲಿ ಬಣ್ಣ ಮರಳದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಸೂರಿನ ಅಂಚಿನಲ್ಲಿ ಮಾರುದ್ದದ ಮಂಜಿನ ಕೊಂಬುಗಳು ಇಳಿದಿವೆ. ಹೊಡೆದು ಬೀಳಿಸಬೇಕೇ?

ಉತ್ತರ: ಕೆಳಗೆ ನಿಂತು ಹೊಡೆಯಬೇಡಿ, ಅದರ ಜೊತೆ ಸೂರಿನ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿಯೂ ತಲೆ ಮೇಲೆ ಬರಬಹುದು. ಜನ ಓಡಾಡದಂತೆ ಅಡ್ಡ ಕಟ್ಟಿ. ಮನೆಯ ಬಿಸಿ ಮಾಡಿಗೆ ಸೋರಿ ಮೇಲಿನ ಹಿಮ ಕರಗುತ್ತದೆ, ಆ ನೀರು ತಣ್ಣನೆಯ ಅಂಚಿಗೆ ಬಂದು ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ. ಹಿಂದೆ ನಿಂತ ನೀರು ಹೆಂಚಿನಡಿ ನುಗ್ಗಿ ಗೋಡೆ ನೆನೆಸುತ್ತದೆ. ಉದ್ದ ಹಿಡಿಯ ಕುಂಟೆಯಿಂದ, ನೆಲದ ಮೇಲೇ ನಿಂತು, ಅಂಚಿನಿಂದ ಮೇಲಕ್ಕೆ ಒಂದು ಮೀಟರಿನಷ್ಟು ಹಿಮ ಎಳೆದು ಹಾಕಿದರೆ ಕಟ್ಟೆ ಬೆಳೆಯುವುದು ನಿಲ್ಲುತ್ತದೆ. ಲೋಹದ ಹಿಡಿಯಾದರೆ ವಿದ್ಯುತ್ ತಂತಿಯಿಂದ ದೂರವಿರಿ. ಏಣಿ ಹತ್ತಬೇಡಿ. ಒಳಬಾಗಿಲುಗಳು ಇದ್ದಕ್ಕಿದ್ದಂತೆ ಬಿಗಿಯಾದರೆ, ತಾರಸಿ ಕಿರುಗುಟ್ಟಿದರೆ, ಗೋಡೆಯಲ್ಲಿ ಹೊಸ ಬಿರುಕು ಕಂಡರೆ ಮಾಡು ಭಾರ ತಡೆಯುತ್ತಿಲ್ಲ ಎಂದರ್ಥ. ಮನೆ ಖಾಲಿ ಮಾಡಿ ಸಹಾಯ ಕೇಳಿ.

ಪ್ರಶ್ನೆ: ಇನ್ನೆರಡು ದಿನದಲ್ಲಿ ಬಿಸಿಲೇರಿ ಮಳೆಯೂ ಬರುತ್ತದಂತೆ. ಬೀದಿಯವರೆಲ್ಲ ಸೇರಿ ಏನು ಮಾಡಬಹುದು?

ಉತ್ತರ: ಚರಂಡಿಯ ಕಬ್ಬಿಣದ ಜಾಲರಿಗಳನ್ನು ಹುಡುಕಿ ಇವತ್ತೇ ತೆರೆಯಿರಿ. ಸಾಮಾನ್ಯವಾಗಿ ಅವು ರಸ್ತೆ ತಿರುವಿನಲ್ಲಿ, ಫುಟ್‌ಪಾತಿನ ಅಂಚಿಗೆ, ಅತಿ ಎತ್ತರದ ರಾಶಿಯ ಕೆಳಗೇ ಇರುತ್ತವೆ. ಜಾಲರಿಯ ಸುತ್ತ ಅರ್ಧ ಮೀಟರ್ ಬಿಡಿಸಿ, ನೀರು ಬರಲು ಸಲಿಕೆಯಗಲದ ಕಾಲುವೆ ತೋಡಿದರೆ ಸಾಕು. ಹಾಗೇ ಬೆಂಕಿ ನಂದಿಸುವ ಹೈಡ್ರಂಟಿನ ಸುತ್ತ ಒಂದು ಮೀಟರ್, ಅಲ್ಲಿಂದ ರಸ್ತೆಗೆ ಒಂದು ದಾರಿ. ಫುಟ್‌ಪಾತನ್ನು ಒಬ್ಬರು ನಡೆಯುವಷ್ಟೇ ಬಿಡಿಸಿ ನಿಲ್ಲಬೇಡಿ. ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಹೋಗಲು ಒಂದು ಮೀಟರ್ ಅಗಲ ಬೇಕು, ಅದು ರಸ್ತೆ ದಾಟುವ ಇಳಿಜಾರಿನವರೆಗೂ ಮುಂದುವರಿಯಬೇಕು. ತಿರುವುಗಳಲ್ಲಿ ರಾಶಿ ಸೊಂಟದೆತ್ತರ ಮೀರದಿರಲಿ, ಮೀರಿದರೆ ಬರುವ ಕಾರಿಗೆ ಮಗು ಕಾಣುವುದಿಲ್ಲ. ಹಗಲು ಕರಗಿದ್ದು ರಾತ್ರಿ ಕಣ್ಣಿಗೆ ಕಾಣದ ತೆಳು ಗಡ್ಡೆಯಾಗುವುದರಿಂದ ಸಂಜೆ ಐದಾರು ಗಂಟೆಯ ಹೊತ್ತಿಗೆ ಒಮ್ಮೆ ಮರಳು ಚೆಲ್ಲುವ ಸರದಿ ಹಾಕಿಕೊಳ್ಳಿ. ಒಂಟಿಯಾಗಿರುವ ಹಿರಿಯರ ಮನೆಗೆ ಹೋದವರು ಬಾಗಿಲ ಹಿಮದ ಜೊತೆಗೆ ಅವರ ಫರ್ನೇಸಿನ ಪೈಪನ್ನೂ ಒಮ್ಮೆ ನೋಡಿ ಬನ್ನಿ.