ಅರ್ಜಿ ‘ಪೆಂಡಿಂಗ್’ ಇರುವಾಗಲೂ ವಾರದ ಕ್ಲೇಮ್ ಹಾಕಬೇಕೇ?

ನೀವು ಮುಖ್ಯವಾಗಿ ಕೇಳಿರುವುದು ಮೂರು ವಿಷಯ. ಸಿಯಾಟಲ್ ಪಕ್ಕದ ಕಂಪನಿಯೊಂದರಿಂದ ಲೇಆಫ್ ಆಗಿ, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿ ಮೂರು ವಾರವಾದರೂ ‘ಪೆಂಡಿಂಗ್’ ಎಂದೇ ತೋರಿಸುತ್ತಿರುವಾಗ ವಾರವಾರವೂ ಕ್ಲೇಮ್ ಹಾಕುತ್ತಲೇ ಇರಬೇಕೇ. ಈ ನಡುವೆ ಎರಡು ದಿನ ಮಾಡಿದ ಸಣ್ಣ ಕೆಲಸದ ಸಂಬಳವನ್ನು ಎಲ್ಲಿ, ಹೇಗೆ ತೋರಿಸಬೇಕು. ತಾಯಿಯವರನ್ನು ನೋಡಲು ಮೈಸೂರಿಗೆ ಹೋಗಿಬಂದರೆ ಏನಾಗುತ್ತದೆ. 2023ರ ಆರಂಭದಲ್ಲಿ ನನ್ನ ಕೆಲಸವೂ ಹೋಗಿತ್ತು. ಇದೇ ರಾಜ್ಯದಲ್ಲಿ ಸುಮಾರು ಐದು ತಿಂಗಳು ಭತ್ಯೆ ಪಡೆದಿದ್ದೇನೆ, ಅದರಲ್ಲಿ ಒಂದು ತಪ್ಪನ್ನೂ ಮಾಡಿ ಪಾಠ ಕಲಿತಿದ್ದೇನೆ. ನಾನು ವಕೀಲನಲ್ಲ, ಆದರೂ ಅನುಭವದಿಂದ ಖಚಿತವಾಗಿ ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಮೊದಲನೆಯದಕ್ಕೆ ಉತ್ತರ: ಹೌದು, ಒಂದು ವಾರವನ್ನೂ ಬಿಡದೆ ಹಾಕಬೇಕು. ನಮ್ಮವರಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ಊರಿನಲ್ಲಿ ಪಿಂಚಣಿಗೋ ಪಡಿತರ ಚೀಟಿಗೋ ಒಮ್ಮೆ ಅರ್ಜಿ ಕೊಟ್ಟರೆ ಮಂಜೂರಾಗುವವರೆಗೆ ಕಾಯುವುದಷ್ಟೇ ನಮ್ಮ ಕೆಲಸವಾಗಿರುವುದರಿಂದ, ಇಲ್ಲಿಯೂ ಹಾಗೆಯೇ ಎಂದು ತಿಳಿದು ಸುಮ್ಮನಾಗಿಬಿಡುತ್ತೇವೆ. ಆದರೆ ಇಲ್ಲಿ ಅರ್ಜಿ ಬೇರೆ, ವಾರದ ಕ್ಲೇಮ್ ಬೇರೆ. ನಿಮಗೆ ಭತ್ಯೆಯ ಅರ್ಹತೆ ಇದೆಯೇ, ಇದ್ದರೆ ವಾರಕ್ಕೆ ಎಷ್ಟು ಎಂಬುದನ್ನು ಅರ್ಜಿ ತೀರ್ಮಾನಿಸುತ್ತದೆ. ಕ್ಲೇಮ್ ಎಂದರೆ ಕಳೆದ ಭಾನುವಾರದಿಂದ ಶನಿವಾರದವರೆಗಿನ ಏಳು ದಿನಗಳಲ್ಲಿ ನಾನು ಕೆಲಸವಿಲ್ಲದೆ ಇದ್ದೆ, ಕೆಲಸ ಸಿಕ್ಕರೆ ಮಾಡಲು ಶಕ್ತನೂ ಸಿದ್ಧನೂ ಆಗಿದ್ದೆ, ಕೆಲಸ ಹುಡುಕಿದೆ ಎಂದು ನೀವು ಆ ಒಂದು ವಾರದ ಮಟ್ಟಿಗೆ ಕೊಡುವ ಪ್ರಮಾಣ. ಅರ್ಜಿ ನಾಳೆ ಮಂಜೂರಾದರೂ ಪ್ರಮಾಣ ಕೊಡದ ವಾರಕ್ಕೆ ದುಡ್ಡು ಬರುವುದಿಲ್ಲ. ಹಾಕುತ್ತಾ ಬಂದಿದ್ದರೆ, ತೀರ್ಮಾನ ನಿಮ್ಮ ಪರವಾಗಿ ಬಂದ ದಿನ ಅಷ್ಟೂ ವಾರಗಳ ಹಣ ಒಟ್ಟಿಗೆ ಬರುತ್ತದೆ. ಬಿಟ್ಟುಹೋದ ವಾರವನ್ನು ಸರಿಯಾದ ಕಾರಣವಿಲ್ಲದೆ ಆಮೇಲೆ ಸೇರಿಸಿಕೊಳ್ಳುವುದು ಕಷ್ಟ. ನೀವು ಈಗಾಗಲೇ ಯಾವುದಾದರೂ ವಾರ ಬಿಟ್ಟಿದ್ದರೆ, ಭತ್ಯೆ ಕೊಡುವ ರಾಜ್ಯದ ಇಲಾಖೆಗೆ ಇವತ್ತೇ ಫೋನ್ ಮಾಡಿ ಕೇಳಿ.

‘ಪೆಂಡಿಂಗ್’ ಎಂದಾಕ್ಷಣ ತಿರಸ್ಕಾರವೆಂದು ಹೆದರಬೇಡಿ. ನೀವೇ ಕೆಲಸ ಬಿಟ್ಟಿರೋ ಅವರು ತೆಗೆದರೋ ಎಂಬುದನ್ನು ಇಲಾಖೆ ನಿಮ್ಮ ಹಳೆಯ ಕಂಪನಿಯಿಂದಲೂ ಕೇಳಿ ತಿಳಿದುಕೊಳ್ಳುತ್ತದೆ. ಗುರುತಿನ ಪರಿಶೀಲನೆಗೂ ಸಮಯ ಹಿಡಿಯುತ್ತದೆ. 2020ರಲ್ಲಿ, ಕೋವಿಡ್ ಶುರುವಾದ ಹೊಸತರಲ್ಲಿ, ಕದ್ದ ಗುರುತುಗಳನ್ನು ಬಳಸಿ ಈ ರಾಜ್ಯದಿಂದ ವಂಚಕರು ಕೋಟಿಗಟ್ಟಲೆ ಡಾಲರ್ ಲಪಟಾಯಿಸಿದ್ದರು. ಗುರುತಿನ ವಿಷಯದಲ್ಲಿ ಇಷ್ಟೊಂದು ಬಿಗಿ ಇರುವುದಕ್ಕೆ ಅದೂ ಒಂದು ಕಾರಣ. ನಿಮ್ಮ ಖಾತೆಯಲ್ಲಿ ದಾಖಲೆ ಕೇಳಿ ಪತ್ರ ಬಂದಿದೆಯೇ ಎಂದು ದಿನವೂ ನೋಡಿ, ಏಕೆಂದರೆ ಅಂಥ ಪತ್ರಗಳಿಗೆ ಉತ್ತರ ಕೊಡಲು ಗಡುವು ಇರುತ್ತದೆ. ತೀರ್ಮಾನವೇ ನಿಮ್ಮ ವಿರುದ್ಧ ಬಂದರೆ ಮೇಲ್ಮನವಿಗೆ 30 ದಿನ ಇದೆ, ಮತ್ತು ಮೇಲ್ಮನವಿ ನಡೆಯುತ್ತಿರುವಾಗಲೂ ವಾರದ ಕ್ಲೇಮ್ ನಿಲ್ಲಿಸಬಾರದು.

ಇನ್ನೊಂದು ಮಾತು: ಅರ್ಹತೆಯುಳ್ಳ ಮೊದಲ ವಾರಕ್ಕೆ ಇಲ್ಲಿ ಹಣ ಕೊಡುವುದಿಲ್ಲ, ಅದನ್ನು ‘ವೇಟಿಂಗ್ ವೀಕ್’ ಎನ್ನುತ್ತಾರೆ. ಕೊಡುವುದಿಲ್ಲವಲ್ಲ ಎಂದು ಆ ವಾರದ ಕ್ಲೇಮ್ ಬಿಟ್ಟರೆ, ಆ ಲೆಕ್ಕ ಮುಂದಿನ ವಾರಕ್ಕೆ ತಳ್ಳಿಹೋಗುತ್ತದೆಯೇ ಹೊರತು ತಪ್ಪುವುದಿಲ್ಲ.

ಎರಡು ದಿನದ ಕೆಲಸದ ವಿಷಯಕ್ಕೆ ಬರುತ್ತೇನೆ. ನಾನು ಪಾಠ ಕಲಿತದ್ದು ಇಲ್ಲಿಯೇ. ಹಳೆಯ ಪರಿಚಯದ ಕಂಪನಿಯೊಂದಕ್ಕೆ ಒಂದು ಗುರುವಾರ, ಶುಕ್ರವಾರ ಹೋಗಿ ಎರಡು ದಿನ ಕೆಲಸ ಮಾಡಿಕೊಟ್ಟಿದ್ದೆ. ಸಂಬಳ ಬಂದದ್ದು ಎರಡು ವಾರದ ಮೇಲೆ. ಕೈಗೆ ಬಂದ ದಿನವೇ ಆದಾಯ ಎಂಬ ಮನೆವಾರ್ತೆಯ ಲೆಕ್ಕದಲ್ಲಿ, ಹಣ ಬಂದ ವಾರದ ಕ್ಲೇಮ್‌ನಲ್ಲಿ, ತೆರಿಗೆಯೆಲ್ಲ ಕಳೆದು ಬ್ಯಾಂಕಿಗೆ ಬಿದ್ದ ಮೊತ್ತವನ್ನು ಪ್ರಾಮಾಣಿಕವಾಗಿಯೇ ತೋರಿಸಿದೆ. ಒಂದೇ ಸಾಲಿನಲ್ಲಿ ಎರಡು ತಪ್ಪು. ತೋರಿಸಬೇಕಾದದ್ದು ಕೆಲಸ ಮಾಡಿದ ವಾರದಲ್ಲಿ, ಹಣ ಬಂದ ವಾರದಲ್ಲಲ್ಲ. ತೋರಿಸಬೇಕಾದ ಮೊತ್ತ ಕಡಿತಕ್ಕೆ ಮುಂಚಿನ ಪೂರ್ತಿ ಸಂಬಳ, ಕೈಗೆ ಬಂದದ್ದಲ್ಲ. ಕಂಪನಿ ಕೊಡುವ ಸಂಬಳದ ವರದಿಯನ್ನೂ ನಮ್ಮ ಕ್ಲೇಮನ್ನೂ ಇಲಾಖೆ ತಾಳೆ ನೋಡುತ್ತದೆ. ಕೆಲವು ತಿಂಗಳ ನಂತರ ನನಗೊಂದು ಪತ್ರ ಬಂತು: ಕೆಲಸ ಮಾಡಿದ ವಾರದಲ್ಲಿ ನಿಮಗೆ ಹೆಚ್ಚು ಪಾವತಿಯಾಗಿದೆ, ವಿವರಣೆ ಕೊಡಿ ಎಂದು. ಪೇ ಸ್ಟಬ್ (ಸಂಬಳದ ಚೀಟಿ) ಕಳುಹಿಸಿ, ಎರಡೂ ವಾರಗಳನ್ನು ತಿದ್ದಿಸಿ, ಹೆಚ್ಚಿಗೆ ಬಂದದ್ದನ್ನು ಕಟ್ಟಿ, ಕಡಿಮೆ ಬಂದದ್ದನ್ನು ಪಡೆದುಕೊಂಡಾಗ ವ್ಯತ್ಯಾಸ ಹೆಚ್ಚೇನೂ ಇರಲಿಲ್ಲ. ಆದರೆ ಆ ಪತ್ರ ಕೈಯಲ್ಲಿ ಹಿಡಿದು ಅಂಚೆಪೆಟ್ಟಿಗೆಯ ಮುಂದೆ ನಿಂತಿದ್ದ ಐದು ನಿಮಿಷ ಇನ್ನೂ ನೆನಪಿದೆ. ಗೊತ್ತಿಲ್ಲದೆ ಆದ ತಪ್ಪನ್ನು ತಿದ್ದಬಹುದು; ಗೊತ್ತಿದ್ದೂ ಮುಚ್ಚಿಟ್ಟರೆ ಅದು ವಂಚನೆಯೆನಿಸಿ, ಹಣ ಹಿಂದಿರುಗಿಸುವುದರ ಜೊತೆಗೆ ದಂಡವೂ ಬೀಳುತ್ತದೆ. ಹಾಗಾಗಿ ನೀವಾಗಿಯೇ, ಪತ್ರ ಬರುವ ಮೊದಲೇ, ತಿದ್ದಿಸಿಕೊಳ್ಳುವುದು ಒಳ್ಳೆಯದು.

ಕಡಿತದ ಲೆಕ್ಕ ಹೀಗೆ: ಆ ವಾರದ ಪೂರ್ತಿ ಸಂಬಳದಲ್ಲಿ 5 ಡಾಲರ್ ತೆಗೆದು, ಉಳಿದದ್ದರ ಶೇಕಡಾ 75ರಷ್ಟನ್ನು ಭತ್ಯೆಯಿಂದ ಕಳೆಯುತ್ತಾರೆ. ನಿಮ್ಮ ವಾರದ ಭತ್ಯೆ 900 ಡಾಲರ್, ಎರಡು ದಿನದ ಸಂಬಳ 805 ಡಾಲರ್ ಎಂದಿಟ್ಟುಕೊಳ್ಳಿ. 5 ತೆಗೆದರೆ 800, ಅದರ ಮುಕ್ಕಾಲು 600. ಆ ವಾರ ನಿಮಗೆ ಬರುವುದು 300 ಡಾಲರ್. ಸಂಬಳವೂ ಸೇರಿದರೆ ಕೆಲಸ ಮಾಡದ ವಾರಕ್ಕಿಂತ ಹೆಚ್ಚೇ ಆಯಿತಲ್ಲವೇ? ಮೇಲಾಗಿ ಕಳೆದ ಆ 600 ಡಾಲರ್ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಒಟ್ಟು ಮೊತ್ತದಲ್ಲಿಯೇ ಉಳಿದು, ಕ್ಲೇಮ್‌ನ ಒಂದು ವರ್ಷದ ಅವಧಿ ಮುಗಿಯುವುದರೊಳಗೆ ಅಗತ್ಯವಿದ್ದರೆ ಮುಂದಿನ ವಾರಗಳಿಗೆ ಒದಗುತ್ತದೆ. ಸಣ್ಣ ಕೆಲಸ ಒಪ್ಪಿಕೊಂಡರೆ ಭತ್ಯೆ ಹಾಳಾಗುತ್ತದೆ ಎಂದು ಸ್ನೇಹಿತರು ಹೇಳುವ ಮಾತನ್ನು ಅದಕ್ಕಾಗಿಯೇ ನಾನು ಒಪ್ಪುವುದಿಲ್ಲ. ನೀವು ಮಾಡಿದ್ದು ಸಂಬಳದ ಕೆಲಸವಲ್ಲದೆ ಸ್ವಂತ ವ್ಯವಹಾರದ ರೀತಿಯದ್ದಾದರೆ ನಿಯಮ ಬೇರೆಯಾಗುತ್ತದೆ; ಕ್ಲೇಮ್ ಒತ್ತುವ ಮೊದಲು ವಿಚಾರಿಸಿಕೊಳ್ಳಿ.

ಮೈಸೂರಿನ ಪ್ರಯಾಣ. ಹೋಗಬೇಡಿ ಎಂದು ಹೇಳಲು ನಾನು ಯಾರು. ತಾಯಿಯವರ ಮುಂದೆ ಈ ದುಡ್ಡು ದೊಡ್ಡದಲ್ಲ. ಆದರೆ ಮೈಸೂರಿನಲ್ಲಿರುವ ದಿನಗಳಲ್ಲಿ ನೀವು ಇಲ್ಲಿನ ಕೆಲಸಕ್ಕೆ ಲಭ್ಯರಲ್ಲ, ಆದ್ದರಿಂದ ಆ ವಾರಗಳಿಗೆ ಭತ್ಯೆ ಇಲ್ಲ. ಅಲ್ಲಿಂದ ಕ್ಲೇಮ್ ಹಾಕಿ ‘ಪ್ರತಿದಿನವೂ ಲಭ್ಯನಿದ್ದೆ’ ಎಂದು ಒತ್ತುವುದಾಗಲಿ, ಮನೆಯವರ ಕೈಯಲ್ಲಿ ಇಲ್ಲಿಂದ ಹಾಕಿಸುವುದಾಗಲಿ ಖಂಡಿತ ಬೇಡ. ನಿಮ್ಮ ಪ್ರಮಾಣವನ್ನು ಬೇರೆಯವರು ಕೊಡುವಂತಿಲ್ಲ. ಹೊರಡುವ ವಾರ, ಬಂದಿಳಿಯುವ ವಾರಗಳಲ್ಲಿ ಯಾವ ದಿನ ಇಲ್ಲಿರಲಿಲ್ಲವೋ ಅದನ್ನು ಇದ್ದ ಹಾಗೆಯೇ ತೋರಿಸಿ, ಮರಳಿದ ಮೇಲೆ ಕ್ಲೇಮನ್ನು ಮತ್ತೆ ತೆರೆಯಿರಿ. ಪಡೆಯದ ವಾರಗಳ ಹಣವೂ ಮೇಲೆ ಹೇಳಿದ ಹಾಗೆ ಖಾತೆಯಲ್ಲಿಯೇ ಇರುತ್ತದೆ.

ವಾರದಲ್ಲಿ ಮೂರು ಬಾರಿಯಾದರೂ ಕೆಲಸ ಹುಡುಕಿದ ಪುರಾವೆ ಬೇಕು. ಕಂಪನಿಗೆ ಅರ್ಜಿ ಹಾಕಿದ್ದೂ ಸಂದರ್ಶನವೂ ವರ್ಕ್‌ಸೋರ್ಸ್ ಎಂಬ ಸರ್ಕಾರಿ ಉದ್ಯೋಗ ಕೇಂದ್ರದ ಕಾರ್ಯಾಗಾರವೂ ಲೆಕ್ಕಕ್ಕೆ ಬರುತ್ತವೆ. ನಾನು ಭಾರತೀಯ ಅಂಗಡಿಯಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು, ದಿನಾಂಕ, ಕಂಪನಿ, ಹುದ್ದೆ, ಹೇಗೆ ಸಂಪರ್ಕಿಸಿದೆ, ಏನು ಉತ್ತರ ಬಂತು ಎಂದು ಐದು ಗೆರೆ ಎಳೆದಿಟ್ಟುಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಮಕ್ಕಳು ಏಳುವ ಮೊದಲು, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ಆ ಪುಟ ನೋಡುತ್ತಾ ಕ್ಲೇಮ್‌ನ ಪ್ರಶ್ನೆಗಳಿಗೆ ಉತ್ತರಿಸಿದರೆ ಹತ್ತು ನಿಮಿಷದ ಕೆಲಸ. ಕೊನೆಯಲ್ಲಿ ಬರುವ ದೃಢೀಕರಣದ ಪುಟವನ್ನು ಉಳಿಸಿಟ್ಟುಕೊಳ್ಳಿ. ನನ್ನ ತಕರಾರು ಬಗೆಹರಿಸಿದ್ದು ಈ ಪುಸ್ತಕವೇ: ಯಾವ ಎರಡು ದಿನ ಕೆಲಸ ಮಾಡಿದ್ದೆ ಎಂಬುದು ನನಗೆ ನೆನಪಿರಲಿಲ್ಲ, ಅದರಲ್ಲಿ ಬರೆದಿತ್ತು.

ಇದು ಸರ್ಕಾರದ ಬಿಟ್ಟಿ ದುಡ್ಡಲ್ಲವೇ, ಮುಂದೆ ಪೌರತ್ವಕ್ಕೆ ಅಡ್ಡಿಯಾಗದೇ ಎಂದೂ ಕೇಳಿದ್ದೀರಿ. ಈ ರಾಜ್ಯದಲ್ಲಿ ನಿರುದ್ಯೋಗ ವಿಮೆಗೆ ಉದ್ಯೋಗದಾತರು ತೆರಿಗೆ ಕಟ್ಟುತ್ತಾರೆ; ನೀವು ದುಡಿದಷ್ಟೂ ಕಾಲ ನಿಮ್ಮ ಹೆಸರಿನ ಮೇಲೂ ಕಟ್ಟಿದ್ದಾರೆ. ಇದು ದುಡಿಮೆಯಿಂದ ಗಳಿಸಿದ ಹಕ್ಕಾದ್ದರಿಂದ ವಲಸೆ ಇಲಾಖೆ ಇದನ್ನು ‘ಪಬ್ಲಿಕ್ ಚಾರ್ಜ್’ (ಸರ್ಕಾರದ ನೆರವಿನ ಮೇಲೆ ಬದುಕುವುದು) ಎಂದು ಪರಿಗಣಿಸುವುದಿಲ್ಲ. ನಿಮ್ಮ ಬಳಿ ಗ್ರೀನ್ ಕಾರ್ಡ್ ಇರುವುದರಿಂದ ಯಾರಿಗೆ ಬೇಕಾದರೂ ಕೆಲಸ ಮಾಡಬಲ್ಲಿರಿ, ಲಭ್ಯತೆಯ ಪ್ರಶ್ನೆ ಏಳುವುದಿಲ್ಲ. ಎಚ್‌-1ಬಿ ವೀಸಾದಲ್ಲಿ ಕೆಲಸ ಕಳೆದುಕೊಂಡ ನಿಮ್ಮ ಸಹೋದ್ಯೋಗಿಗಳ ಕಥೆ ಬೇರೆ: ಅವರಿಗೆ ದೇಶದಲ್ಲಿರಲು ಗರಿಷ್ಠ 60 ದಿನದ ಅವಕಾಶವಿದ್ದರೂ, ಹೊಸ ಕಂಪನಿ ಅವರ ಪರವಾಗಿ ಅರ್ಜಿ ಸಲ್ಲಿಸುವವರೆಗೆ ಕೆಲಸ ಮಾಡುವಂತಿಲ್ಲದಿರುವುದರಿಂದ ಭತ್ಯೆ ಸಾಮಾನ್ಯವಾಗಿ ಸಿಗುವುದಿಲ್ಲ. ನಿಮ್ಮನ್ನು ನೋಡಿ ಅವರೂ ಅರ್ಜಿ ಹಾಕುವ ಮೊದಲು ವಲಸೆ ವಕೀಲರನ್ನು ಕೇಳಲಿ.

ಭತ್ಯೆಗೆ ಅಮೆರಿಕದ ಕೇಂದ್ರ ಸರ್ಕಾರದ ಆದಾಯ ತೆರಿಗೆ ಇದೆ. ಶೇಕಡಾ 10ರಷ್ಟು ಹಿಡಿದುಕೊಳ್ಳಿ ಎಂದು ಈಗಲೇ ಒಪ್ಪಿಗೆ ಕೊಟ್ಟರೆ ಮುಂದಿನ ಏಪ್ರಿಲ್‌ನಲ್ಲಿ ತಲೆನೋವು ಕಡಿಮೆ. ಇನ್ನು ಈ ಉತ್ತರ ಓದುವ ಬೇರೆ ರಾಜ್ಯದವರು ನನ್ನ ವಿವರಗಳನ್ನು ಹಾಗೆಯೇ ನಂಬಬೇಡಿ: ಕ್ಯಾಲಿಫೋರ್ನಿಯಾದಲ್ಲಿ ಎರಡು ವಾರಕ್ಕೊಮ್ಮೆ ಪ್ರಮಾಣ ಕೊಡಬೇಕು, ನ್ಯೂಯಾರ್ಕ್‌ನಲ್ಲಿ ವಾರವೆಂದರೆ ಸೋಮವಾರದಿಂದ ಭಾನುವಾರ.

ಹೊಸ ಕೆಲಸ ಸಿಕ್ಕಾಗ ಒಂದು ಎಚ್ಚರ. ಮೊದಲ ಸಂಬಳ ಕೈಸೇರುವವರೆಗೆ ಕ್ಲೇಮ್ ಹಾಕಬಹುದು ಎಂದು ಹೇಳುವವರಿದ್ದಾರೆ, ಅದು ತಪ್ಪು. ನಾನು ಸೇರಿದ್ದು ಒಂದು ಬುಧವಾರ. ಆ ವಾರದ ಕ್ಲೇಮ್‌ನಲ್ಲಿ ಬುಧ, ಗುರು, ಶುಕ್ರವಾರದ ಪೂರ್ತಿ ಸಂಬಳವನ್ನು, ಇನ್ನೂ ಒಂದು ಡಾಲರ್ ಕೈಗೆ ಬಾರದಿದ್ದರೂ, ತೋರಿಸಿದೆ. ಆ ವಾರಕ್ಕೆ ಭತ್ಯೆ ಸೊನ್ನೆ ಬಂತು. ಮುಂದಿನ ಭಾನುವಾರದಿಂದ ಹಾಕಲಿಲ್ಲ, ಅಷ್ಟೇ. ರದ್ದು ಮಾಡಿ ಎಂದು ಯಾರಿಗೂ ಬರೆಯಬೇಕಾಗಲಿಲ್ಲ.