ಬೆಕ್ಕು ಹೋದ ಮನೆಗೆ ಹೊಸ ಬೆಕ್ಕು ಯಾವಾಗ?

ಪ್ರಶ್ನೆ: ನಮ್ಮ ಒಂದೂವರೆ ವರ್ಷದ ಬೆಕ್ಕು ಎರಡು ತಿಂಗಳ ಹಿಂದೆ ತೀರಿಕೊಂಡಿತು. ವಾಂತಿ, ಭೇದಿ ಶುರುವಾಗಿ ಮೂರೇ ದಿನ. ವೈದ್ಯರು ಪ್ಯಾನ್‌ಲ್ಯೂಕೋಪೀನಿಯಾ (ಬೆಕ್ಕಿನಿಂದ ಬೆಕ್ಕಿಗೆ ಅಂಟುವ ವೈರಸ್ ರೋಗ) ಎಂದರು. ಲಸಿಕೆ ಹಾಕಿಸಿರಲಿಲ್ಲ. ಮಗಳು ಇನ್ನೂ ಅಳುತ್ತಾಳೆ. ಅದೇ ಬಣ್ಣದ ಎರಡು ತಿಂಗಳ ಮರಿಯೊಂದು ಸಿಕ್ಕಿದೆ, ತರಬಹುದೇ? ಮನೆಯಲ್ಲಿರುವ ಇನ್ನೊಂದು ದೊಡ್ಡ ಬೆಕ್ಕು ಮೂಲೆಮೂಲೆ ಹುಡುಕುತ್ತಾ ಕೂಗುತ್ತದೆ.

ಉತ್ತರ: ಆ ಮರಿಯನ್ನು ಈಗ ತರಬೇಡಿ. ನಿಮ್ಮ ದುಃಖ ಆರಿಲ್ಲವೆಂದಲ್ಲ, ಮನೆಯಲ್ಲಿ ವೈರಸ್ ಇನ್ನೂ ಇರಬಹುದು. ಈ ವೈರಸ್ ನೆಲ, ಬಟ್ಟೆ, ಚಪ್ಪಲಿಗಳಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು.

ಎರಡು ತಿಂಗಳ ಮರಿಗೆ ಒಂದು ಲಸಿಕೆ ಬಿದ್ದಿದ್ದರೂ ಅದನ್ನು ನೆಚ್ಚುವಂತಿಲ್ಲ. ತಾಯಿಯಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆ ನಾಟುವುದಿಲ್ಲ. ಆ ರಕ್ಷಣೆ ಯಾವ ವಾರ ಕರಗುತ್ತದೆಂದು ಹೊರಗಿನಿಂದ ತಿಳಿಯದು. ಅದಕ್ಕೇ 6–8 ವಾರಕ್ಕೆ ಶುರುಮಾಡಿ, 3–4 ವಾರಕ್ಕೊಮ್ಮೆ ಕೊಡುತ್ತಾ ಹೋಗುವುದು. ಎಷ್ಟು ಚುಚ್ಚುಮದ್ದು ಆಯಿತು ಎಂಬುದಕ್ಕಿಂತ, ಕೊನೆಯದು 16 ವಾರ ತುಂಬಿದ ಮೇಲೆ ಬಿತ್ತೇ ಎಂದು ಕೇಳಿ. ಅದಾಗಿ ಎರಡು ವಾರ ಕಳೆದ ಮೇಲೆ ಮನೆಗೆ ತನ್ನಿ. ನನ್ನ ಸಲಹೆ ಕೇಳಿದರೆ, ಲಸಿಕೆ ಪೂರ್ತಿಯಾದ ಎರಡು–ಮೂರು ವರ್ಷದ ಬೆಕ್ಕೇ ನಿಮ್ಮ ಮನೆಗೆ ಹೆಚ್ಚು ಹೊಂದುತ್ತದೆ. ಅದರ ಸ್ವಭಾವ ಮೊದಲೇ ಗೊತ್ತಿರುತ್ತದೆ, ದೊಡ್ಡ ಬೆಕ್ಕಿನ ಬೆನ್ನುಬಿದ್ದು ಕಾಡುವುದೂ ಕಡಿಮೆ. ಬಣ್ಣ ಒಂದೇ ಎಂದು ಆರಿಸಬೇಡಿ. ಮೈಬಣ್ಣ ಒಂದಾದರೂ ಗುಣ ಬೇರೆ. ಹಳೆಯದರಂತೆ ಮಡಿಲೇರಲಿಲ್ಲವೆಂದು ಮಗಳ ಮನಸ್ಸು ಇನ್ನೊಮ್ಮೆ ಮುರಿಯುತ್ತದೆ.

ಅಷ್ಟರಲ್ಲಿ ಮನೆ ಶುಚಿಯಾಗಲಿ. ಹಾಸಿಗೆ, ಬ್ರಷ್, ಉಗುರು ಕೆರೆಯುವ ಹಲಗೆ, ಮಲದ ಟ್ರೇ ಎಲ್ಲವನ್ನೂ ಎಸೆಯಿರಿ. ನೆಲವನ್ನು ಮೊದಲು ಸೋಪಿನ ನೀರಲ್ಲಿ ಉಜ್ಜಿ ತೊಳೆಯಿರಿ. ಕೊಳೆ ಉಳಿದರೆ ಬ್ಲೀಚ್‌ನ ಶಕ್ತಿ ಅಲ್ಲೇ ಮುಗಿಯುತ್ತದೆ. ಆಮೇಲೆ ಶೇಕಡಾ 5ರ ದ್ರವ ಬ್ಲೀಚ್ 30 ಮಿ.ಲೀ., ನೀರು ಒಂದು ಲೀಟರ್ ಬೆರೆಸಿ ಒರೆಸಿ. ಹತ್ತು ನಿಮಿಷ ನೆಲ ಒದ್ದೆಯಾಗಿಯೇ ಇರಬೇಕು. ಎಲ್ಲರೂ ತಪ್ಪುವುದು ಇಲ್ಲೇ: ನಾಲ್ಕು ನಿಮಿಷಕ್ಕೆ ಒಣಗಿದರೆ ಮತ್ತೆ ಒರೆಸಬೇಕು. ಕೊನೆಗೆ ಬರೀ ನೀರಲ್ಲಿ ತೊಳೆದು ಒಣಗಿಸಿ. ಮೂತ್ರದ ಕಲೆಯ ಮೇಲೆ ನೇರವಾಗಿ ಬ್ಲೀಚ್ ಸುರಿದರೆ ವಿಷಾನಿಲ ಏಳುತ್ತದೆ, ಕಿಟಕಿ ತೆರೆದಿಡಿ. ಸ್ಪಿರಿಟ್ ಈ ವೈರಸ್ಸಿಗೆ ನಾಟದು. ಫಿನಾಲ್ ಇರುವ ಫಿನಾಯಿಲ್ ಬೆಕ್ಕಿಗೇ ವಿಷ. ಸೋಫಾ, ಜಮಖಾನೆಯನ್ನು ಹೇಗೆ ತೊಳೆದರೂ ಪೂರ್ತಿ ನಂಬುವಂತಿಲ್ಲ. ಅದಕ್ಕೇ ಲಸಿಕೆಯ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದು.

ದೊಡ್ಡ ಬೆಕ್ಕಿಗೂ ಲಸಿಕೆ ಬಾಕಿಯಿದ್ದರೆ ಈ ವಾರವೇ ಹಾಕಿಸಿ. ಅದು ಹುಡುಕಿ ಕೂಗುವುದು ಸಹಜ. ಊಟ, ಆಟದ ಹೊತ್ತು ತಪ್ಪಿಸದೆ ನಡೆಸಿ. ಆದರೆ ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ.

ಹೊಸ ಬೆಕ್ಕು ಬಂದಾಗ 14 ದಿನ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಟ್ರೇ. ಒಂದರ ಕೆನ್ನೆಗೆ ಸವರಿದ ಬಟ್ಟೆಯನ್ನು ಇನ್ನೊಂದರ ತಟ್ಟೆಯ ಬಳಿ ಇಡಿ. ಮುಚ್ಚಿದ ಬಾಗಿಲ ಎರಡೂ ಕಡೆ ನಿಶ್ಚಿಂತೆಯಿಂದ ತಿನ್ನತೊಡಗಿದ ಮೇಲೆ ಬಾಗಿಲು ಸ್ವಲ್ಪ ತೆರೆಯಿರಿ. ಬುಸುಗುಟ್ಟಿದರೆ ಗದರಬೇಡಿ. ಎರಡು ಬೆಕ್ಕಿಗೆ ಮೂರು ಟ್ರೇ ಇರಲಿ.

ಪ್ರಶ್ನೆ: ಹದಿಮೂರು ವರ್ಷದ ಬೆಕ್ಕು ಮೂತ್ರಪಿಂಡದ ಕಾಯಿಲೆಯಿಂದ ಹೋಯಿತು. ಅದರ ತಟ್ಟೆ, ಟ್ರೇ, ಉಳಿದ ಆಹಾರವನ್ನು ಹೊಸ ಮರಿಗೆ ಬಳಸಬಹುದೇ?

ಉತ್ತರ: ವಯಸ್ಸಿನಿಂದ ಬರುವ ಮೂತ್ರಪಿಂಡದ ಕಾಯಿಲೆ ಅಂಟುವುದಿಲ್ಲ. ತಟ್ಟೆ, ಟ್ರೇಗಳನ್ನು ಬಿಸಿನೀರು, ಸೋಪಿನಲ್ಲಿ ತೊಳೆದು ಬಳಸಿ. ಟ್ರೇಯ ಅಂಚು ಎತ್ತರವಿದ್ದರೆ ಮರಿ ಹತ್ತಲಾರದೆ ಹೊರಗೇ ಮಾಡುತ್ತದೆ, ತಗ್ಗಿನದು ತನ್ನಿ. ಮೂತ್ರಪಿಂಡದ ಕಾಯಿಲೆಗೆಂದೇ ಮಾಡಿದ ಆಹಾರ ಉಳಿದಿದ್ದರೆ ಅದು ಮಾತ್ರ ಬೇಡ. ಅದರಲ್ಲಿ ಪ್ರೋಟೀನ್, ರಂಜಕ ಬೇಕೆಂದೇ ಕಡಿಮೆ ಮಾಡಿರುತ್ತಾರೆ. ಬೆಳೆಯುವ ಮರಿಗೆ ಅವೆರಡೂ ಹೆಚ್ಚು ಬೇಕು. ಉಳಿದ ಔಷಧಿಗಳನ್ನೂ ಇಟ್ಟುಕೊಳ್ಳಬೇಡಿ.