ಕಂಪನಿಯವರನ್ನ ಬಿಟ್ಟು ಬೇರೆ ಯಾರು ಹೇಳಿದ್ದಾರೆ?

ತಮ್ಮಾ, ನಮಸ್ಕಾರ.

ಕನ್ನಡ ವಿಕಿಪೀಡಿಯಕ್ಕೆ ಹಾಕುವ ಮುಂಚೆ ಒಮ್ಮೆ ನೋಡಿಕೊಡಿ ಅಂತ ಬೆಳಗಾವಿಯಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಹೈಡ್ರಾಲಿಕ್ ವಾಲ್ವ್ ತಯಾರಿಸುವ ಒಂದು ಜರ್ಮನ್ ಕಂಪನಿಯ ಬಗ್ಗೆ ಬರೆದಿದ್ದೀರಿ. ಭಾಷೆ ಚೆನ್ನಾಗಿದೆ. ವಾಲ್ವ್ ಒಳಗೆ ಎಣ್ಣೆಯ ಒತ್ತಡ ಹೇಗೆ ಹತೋಟಿಗೆ ಬರುತ್ತದೆ ಅನ್ನೋ ಪ್ಯಾರಾ ನನಗೂ ಅರ್ಥವಾಯಿತು. ಆದರೆ ಕೆಳಗೆ ಕೊಟ್ಟ ಒಂಬತ್ತು ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ಬೇಜಾರಾಯಿತು. ಅದರ ಬಗ್ಗೆಯೇ ಬರೆಯುತ್ತೇನೆ.

ಮೊದಲ ನಾಲ್ಕು ಕಂಪನಿಯ ಸ್ವಂತ ವೆಬ್‌ಸೈಟಿನವು. ಐದನೆಯದು ಡೀಲರ್ ಹಂಚುವ ಕೈಪತ್ರ. ಎಂಟನೆಯದು ಪ್ರಶಸ್ತಿ ಪಟ್ಟಿ. ಆ ಪುಟದ ತಳದಲ್ಲೇ ಹೆಸರು ಸೇರಿಸಲು ಎಷ್ಟು ಶುಲ್ಕ ಅಂತ ಬರೆದಿದೆ. ನೀವು ಅಲ್ಲಿವರೆಗೆ ಓದಲಿಲ್ಲ ಅಂತ ಕಾಣುತ್ತದೆ.

ಆರು ಮತ್ತು ಏಳು ಎರಡು ಬೇರೆ ಬೇರೆ ಪತ್ರಿಕೆಗಳ ಸುದ್ದಿ. ಕಂಪನಿ ಬೆಳಗಾವಿಯಲ್ಲಿ ಸರ್ವಿಸ್ ಸೆಂಟರ್ ತೆರೆಯಿತು ಅಂತ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಮೂರನೇ ಸಾಲಿನಲ್ಲಿ ‘ಉತ್ಕೃಷ್ಟ’ ಅನ್ನೋದು ‘ಉತ್ಕ್ರಷ್ಟ’ ಆಗಿದೆ. ಎರಡರಲ್ಲೂ, ಅದೇ ಸಾಲಿನಲ್ಲಿ. ಅಂದರೆ ಎರಡೂ ಕಂಪನಿ ಕೊಟ್ಟ ಒಂದೇ ಪ್ರೆಸ್ ನೋಟ್. ಹೆಸರಿಗೆ ಪತ್ರಿಕೆ ಎರಡು, ಮಾತಾಡಿದವರು ಒಬ್ಬರೇ. ಒಂದು ವೇಳೆ ವರದಿಗಾರರು ತಾವೇ ಬರೆದಿದ್ದರೂ ಶಾಖೆ ತೆರೆದರು, ಹೊಸ ಮ್ಯಾನೇಜರ್ ಬಂದರು, ಬಂಡವಾಳ ಸಿಕ್ಕಿತು ಅನ್ನೋ ದಿನನಿತ್ಯದ ಸುದ್ದಿಗಳು ಗಮನಾರ್ಹತೆಗೆ, ಅಂದರೆ ವಿಕಿಪೀಡಿಯದಲ್ಲಿ ಲೇಖನ ಪಡೆಯುವ ಅರ್ಹತೆಗೆ, ಸಾಲುವುದಿಲ್ಲ.

ಉಳಿದದ್ದು ಒಂಬತ್ತನೆಯದು. ಜರ್ಮನ್ ಭಾಷೆಯ ಒಂದು ಎಂಜಿನಿಯರಿಂಗ್ ಪತ್ರಿಕೆಯ ಎರಡು ಪುಟ. ಬರೆದವರಿಗೂ ಕಂಪನಿಗೂ ಸಂಬಂಧವಿಲ್ಲ. ಕಾರ್ಖಾನೆ ಹೇಗೆ ಬೆಳೆಯಿತು, ಯಾವ ವಾಲ್ವ್ ಕೈಕೊಟ್ಟಿತು ಅನ್ನೋದೆಲ್ಲ ಇದೆ. ಇದು ಗಟ್ಟಿ ಆಧಾರ. ಜರ್ಮನ್‌ನಲ್ಲಿದೆ ಅಂತ ಹಿಂಜರಿಯಬೇಡಿ, ಆಧಾರ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ. ಆದರೆ ಒಂದೇ ಸಾಲದು. ಇಂಥವು ಒಂದಕ್ಕಿಂತ ಜಾಸ್ತಿ ಬೇಕು.

“40 ದೇಶಗಳಲ್ಲಿದೆ, ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಎಷ್ಟೋ ಕಾರ್ಖಾನೆಗಳಲ್ಲಿ ಇದರದೇ ವಾಲ್ವ್, ಇನ್ನೇನು ಬೇಕು ಸರ್?” ಅಂತ ಕೇಳಿದ್ದೀರಿ. ನಿಮ್ಮ ಮೊದಲ ಸಾಲೂ ಅದೇ ಧಾಟಿಯಲ್ಲಿದೆ: ‘ವಿಶ್ವದ ಮುಂಚೂಣಿ ಕಂಪನಿಗಳಲ್ಲಿ ಒಂದು.’ ಮುಂಚೂಣಿ ಅಂತ ಅಳೆದವರು ಯಾರು? ಹುಡುಕಿದೆ. ಆ ಮಾತು ಬಂದಿರುವುದು ನಿಮ್ಮ ಎರಡನೇ ಉಲ್ಲೇಖದಿಂದ, ಕಂಪನಿಯ ‘ನಮ್ಮ ಬಗ್ಗೆ’ ಪುಟದಿಂದ. 40 ದೇಶದ ಲೆಕ್ಕವೂ ಅಲ್ಲಿಂದಲೇ.

ಇದು ನನ್ನನ್ನು ಇಷ್ಟು ಕಾಡಲು ಕಾರಣವಿದೆ. 1994ರಲ್ಲಿ ನಾನು ವಿಜಯಪುರದ ಒಂದು ಸಣ್ಣ ದಿನಪತ್ರಿಕೆಗೆ ಸೇರಿದ್ದೆ. ಊರಿನ ಹೆಸರು ಆಗಿನ್ನೂ ಬಿಜಾಪುರ. ಬೆಳೆಗೆ ಹೊಡೆಯುವ ಔಷಧ ಮಾರುವ ವಿದೇಶಿ ಕಂಪನಿಯೊಂದು ದ್ರಾಕ್ಷಿ ಬೆಳೆಗಾರರ ಸಭೆ ಕರೆದಿತ್ತು. ಅವರು ಕೊಟ್ಟ ಹಾಳೆಯನ್ನೇ ಸ್ವಲ್ಪ ತಿರುಗಿಸಿ ಸುದ್ದಿ ಮಾಡಿಕೊಟ್ಟೆ. ಉಪಸಂಪಾದಕರು ಓದಿ ತಲೆ ಎತ್ತಿದರು.

“ಇದನ್ನ ನಿನಗ ಯಾರು ಹೇಳಿದ್ರು?”

“ಕಂಪನಿಯವರು ರೀ.”

“ಅವರನ್ನ ಬಿಟ್ಟು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಳೆ ಮಡಚಿ ವಾಪಸ್ ಕೊಟ್ಟರು. ಮರುದಿನ ಬಸ್ ಹತ್ತಿ ದ್ರಾಕ್ಷಿ ಬೆಳೆಯುವ ತಿಕೋಟಾಕ್ಕೆ ಹೋದೆ. ಅಲ್ಲಿ ಒಬ್ಬ ಹಿರಿಯರು ಬಳ್ಳಿಯಿಂದ ಎಲೆ ಕಿತ್ತು ತಿರುವಿ ತೋರಿಸಿದರು. ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಕೆಳಗೆ ಬಿಳಿ ಬೂಸ್ಟು. “ಡೌನಿ ರೋಗ ಐತಿ. ಎರಡು ಸಲ ಔಷಧ ಹೊಡದೀನ್ರಿ, ನಿಂತಿಲ್ಲ,” ಅಂದರು. ಅದೂ ಸೇರಿದ ಮೇಲೆ ಸುದ್ದಿ ಎಂಟೇ ಸಾಲು ಆಯಿತು. ಆ ಎಂಟೂ ಅಚ್ಚಾದವು. ಇವತ್ತಿಗೂ ಯಾವ ಲೇಖನ ತಿದ್ದಲು ಕೂತರೂ ಆ ಪ್ರಶ್ನೆ ಕಿವಿಯಲ್ಲಿರುತ್ತದೆ.

ವಿಕಿಪೀಡಿಯದಲ್ಲಿ ಒಂದು ವ್ಯತ್ಯಾಸವಿದೆ. ನಾವೇ ತಿಕೋಟಾಕ್ಕೆ ಹೋಗಿ ಬಂದು ಬರೆಯುವಂತಿಲ್ಲ. ಅದು ಸ್ವಂತ ಸಂಶೋಧನೆ ಆಗುತ್ತದೆ. ಬೇರೆ ಯಾರೋ ಹೋಗಿ, ನೋಡಿ, ಪ್ರಕಟಿಸಿರಬೇಕು. ನೀವು ಉದ್ಯಮಬಾಗದಲ್ಲಿ ದಿನಾ ಆ ವಾಲ್ವ್ ಬಿಚ್ಚಿ ನೋಡುತ್ತೀರಿ, ನಿಮ್ಮ ಮಾತು ನಾನು ನಂಬುತ್ತೇನೆ. ಆದರೂ ಅದು ಆಧಾರವಲ್ಲ.

ನಮ್ಮ ಬಾಗಲಕೋಟೆ ಕಡೆಗೇ ಬನ್ನಿ. ಹುನಗುಂದದ ರಾಮಥಾಳ ಹನಿ ನೀರಾವರಿ ಯೋಜನೆ 24,000 ಹೆಕ್ಟೇರಿನದು. ಅದರಲ್ಲಿ ಕೆಲಸ ಮಾಡಿದ ಕಂಪನಿಗಳಲ್ಲಿ ಇಸ್ರೇಲಿನ ನೆಟಾಫಿಮ್ ಒಂದು. 1965ರಲ್ಲಿ ನೆಗೆವ್ ಮರುಭೂಮಿಯ ಹಟ್ಜೆರಿಮ್ ಅನ್ನೋ ಕಿಬ್ಬುಟ್ಸ್‌ನಲ್ಲಿ, ಅಂದರೆ ಎಲ್ಲರೂ ಕೂಡಿ ದುಡಿದು ಬಾಳುವ ಹಳ್ಳಿಯಲ್ಲಿ, ಶುರುವಾದದ್ದು. ಅದಕ್ಕೆ ಲೇಖನ ಸಲ್ಲುತ್ತದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಹುನಗುಂದಕ್ಕೆ ಬಂತು ಅಂತಲ್ಲ, ಎಷ್ಟೋ ದೇಶಗಳಿಗೆ ಮಾರುತ್ತದೆ ಅಂತಲೂ ಅಲ್ಲ. ಹನಿ ನೀರಾವರಿಯ ಇತಿಹಾಸ ಬರೆಯುವವರು ಆ ಕಿಬ್ಬುಟ್ಸ್‌ ಮತ್ತು ಹನಿ ನೀರಾವರಿಯ ಸಾಧನ ರೂಪಿಸಿದ ಎಂಜಿನಿಯರ್ ಸಿಮ್ಖಾ ಬ್ಲಾಸ್ ಅವರ ಕಥೆ ಬಿಟ್ಟು ಮುಂದೆ ಹೋಗಲಾರರು, ಅದಕ್ಕೆ. ಯಾರೂ ಕೇಳಿಕೊಳ್ಳದೆ ಬರೆದಿದ್ದಾರೆ, ಅಲ್ವಾ?

ಇನ್ನೊಂದು ಮಾತು. ಆ ಕಂಪನಿಯ ಡೀಲರ್ ಹತ್ತಿರವೇ ಸಂಬಳಕ್ಕಿದ್ದೀರಿ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಮುಚ್ಚಿಡದೆ ಹೇಳಿದ್ದು ಒಳ್ಳೆಯದಾಯಿತು. ಅದನ್ನು ವಿಕಿಪೀಡಿಯದಲ್ಲಿ ನಿಮ್ಮ ಹೆಸರಿನಲ್ಲಿರುವ ಸದಸ್ಯ ಪುಟದಲ್ಲೂ ಹಾಕಿ. ದುಡ್ಡು ಪಡೆದು ಬರೆಯುವವರು ಹೇಳಲೇಬೇಕು ಅನ್ನೋ ನಿಯಮ 2014ರಿಂದಲೇ ಇದೆ.

ಲೇಖನ ಸದ್ಯ ಪ್ರಯೋಗಪುಟದಲ್ಲೇ, ಅಂದರೆ ನಿಮ್ಮ ಕರಡು ಪುಟದಲ್ಲೇ ಇರಲಿ, ಅಳಿಸಬೇಡಿ. ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳ ಲೈಬ್ರರಿಯಲ್ಲಿ ಹಳೆಯ ತಾಂತ್ರಿಕ ಪತ್ರಿಕೆಗಳಿದ್ದರೆ ಕೇಳಿ ನೋಡಿ. ಒಂಬತ್ತನೆಯದರಂಥ ಇನ್ನೆರಡು ಸಿಕ್ಕರೆ ನಾನೇ ನಿಮ್ಮ ಜೊತೆ ಕೂತು ತಿದ್ದುತ್ತೇನೆ. ಅಲ್ಲಿವರೆಗೆ ಆ ಎಣ್ಣೆಯ ಒತ್ತಡದ ಪ್ಯಾರಾ ಸುಮ್ನೆ ಬಿದ್ದಿರುವುದು ಬೇಡ. ಪಠ್ಯಪುಸ್ತಕಗಳ ಆಧಾರ ಕೊಟ್ಟು, ಕಂಪನಿಯ ಹೆಸರಿಲ್ಲದೆ, ‘ಹೈಡ್ರಾಲಿಕ್ ವಾಲ್ವ್’ ಅಂತಲೇ ಒಂದು ಲೇಖನ ಶುರು ಮಾಡಿ. ಅದನ್ನು ಈ ವಾರವೇ ಕಳಿಸಿ, ಕಾಯುತ್ತಿರುತ್ತೇನೆ.